ಎರಡನೆಯ ಮುದ್ರೆ

ಆ ದಿನ ಬೆಳಿಗ್ಗೆ ಒಸಾಕಾದಲ್ಲಿ ಬೀಳುತ್ತಿದ್ದುದನ್ನು ಮಳೆ ಎನ್ನುವಂತಿರಲಿಲ್ಲ, ಹಿಮ ಎನ್ನುವಂತೆಯೂ ಇರಲಿಲ್ಲ. ಕೊಡೆಯ ಮೇಲೆ ಸದ್ದಿಲ್ಲದೆ ಬಂದು ಕೂತು, ಅಂಚಿಗೆ ಜಾರುವಷ್ಟರಲ್ಲಿ ನೀರಾಗಿ ತೊಟ್ಟಿಕ್ಕುತ್ತಿತ್ತು. ಮಿಯಾಜಿ ಸುಮಿಯೆ ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವಳು ಹಿಂದಿರುಗಿ ಬಂದು ಬೀಗವನ್ನು ಜಗ್ಗಿ ನೋಡಿದಳು. ಎರಡು ಸಲ ನೋಡುವುದು ಅವಳ ಕಸುಬು. ಹನ್ನೊಂದು ವರ್ಷದಿಂದ ಅದಕ್ಕೇ ಅವಳಿಗೆ ಸಂಬಳ ಬರುತ್ತಿತ್ತು; ಅಡುಗೆಮನೆಯ ಅನಿಲ, ಬಚ್ಚಲಿನ ನಲ್ಲಿ, ಬಾಗಿಲಿನ ಬೀಗ, ಎಲ್ಲವೂ ಅವಳಿಂದ ಎರಡೆರಡು ಸಲ ಪರೀಕ್ಷೆಗೆ ಒಳಗಾಗಿ ಸುಸ್ತಾಗಿದ್ದವು. ಕೈಚೀಲದಲ್ಲಿ ಊದಿನಕಡ್ಡಿಯ ಪೆಟ್ಟಿಗೆ ಇತ್ತು, ಹೆಸರು ಕೆತ್ತಿದ ಮರದ ಮುದ್ರೆ ಇತ್ತು, ಕೆಂಪು ಶಾಯಿಯ ಪುಟ್ಟ ಡಬ್ಬಿ ಇತ್ತು, ಬೂದು ಅಂಚಿನ ಒಂದು ಅಂಚೆ ಕಾರ್ಡು ಇತ್ತು. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವಳು ಚೀಲ ತೆರೆದು ಮುದ್ರೆ ಇದೆಯೇ ಎಂದು ನೋಡಿದಳು. ಇತ್ತು. ಸ್ವಲ್ಪ ದೂರ ಹೋಗಿ ಮತ್ತೆ ನೋಡಿದಳು.

ಕಚೇರಿಯಲ್ಲಿ ವೈದ್ಯರಿಗೆ ಹಲ್ಲು ತೋರಿಸಿಕೊಂಡು ಬರುತ್ತೇನೆ ಎಂದು ಸುಳ್ಳು ಹೇಳಿದ್ದಳು. ಅವಳ ಮೇಲಿನ ಅಧಿಕಾರಿ ಹತಾನಾಕಾ ಎದುರಿಗಿದ್ದ ಕಾಗದದಿಂದ ತಲೆ ಎತ್ತದೆಯೇ, "ಹೋಗಿ ಬನ್ನಿ, ಕೀಳಿಸ್ಕೊಂಡೇ ಬನ್ನಿ. ಇಲ್ಲಾಂದ್ರೆ ನೋವಾದಾಗೆಲ್ಲ ದೀಪ ಹಚ್ತೀರಿ" ಎಂದಿದ್ದ. ಪಕ್ಕದ ಮೇಜಿನವರು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ದೀಪದ ಮಾತಿಗೆ ನಾಲ್ಕು ವರ್ಷದಿಂದ ಅವಳು ಎಲ್ಲರಿಗಿಂತ ಮೊದಲು ನಗುವುದನ್ನು ಕಲಿತಿದ್ದಳು.

ರೈಲು ಉತ್ತರಕ್ಕೆ ಹೊರಟು ಸರೋವರದ ದಂಡೆ ಹಿಡಿದ ಮೇಲೆ ಕಿಟಕಿಯ ಹೊರಗೆ ನೀರೂ ಆಕಾಶವೂ ಒಂದೇ ಬಣ್ಣಕ್ಕೆ ಬಂದವು. ಅವಳು ಅಂಚೆ ಕಾರ್ಡನ್ನು ತೆಗೆದು ಓದಿದಳು. ಮನೆಯಲ್ಲಿ ಸಾವಾದವರು ಡಿಸೆಂಬರಿನ ಮೊದಲಲ್ಲಿ ಎಲ್ಲರಿಗೂ ಕಳಿಸುವ ಕಾರ್ಡು ಅದು: ಈ ಆಗಸ್ಟಿನಲ್ಲಿ ಹೆಂಡತಿ ಇನೆ ಅರವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಳು, ಆದ್ದರಿಂದ ಹೊಸ ವರ್ಷದ ಶುಭಾಶಯವನ್ನು ಈ ಸಲ ಬರೆಯಲಾಗುವುದಿಲ್ಲ, ಮನ್ನಿಸಬೇಕು. ಅರಿಕಾವಾ ತೊಕುಜೊ. ಅಚ್ಚಿನ ಸಾಲುಗಳು. ಪ್ರತಿ ವರ್ಷ ಅವರಿಂದ ಬರುತ್ತಿದ್ದ ಹೊಸ ವರ್ಷದ ಕಾರ್ಡಿನಲ್ಲಿ ಅಚ್ಚಿನ ಕೆಳಗೆ ಕೈಬರಹದ ಒಂದು ಸಾಲು ಇರುತ್ತಿತ್ತು, ಈ ಸಲ ಅದಿರಲಿಲ್ಲ. ಆ ಇಲ್ಲದ ಸಾಲನ್ನೇ ಅವಳು ಹತ್ತು ದಿನದಿಂದ ಓದುತ್ತಿದ್ದಳು.

ಮೊದಲ ವರ್ಷದ ಸಾಲು ಅವಳಿಗೆ ಬಾಯಿಪಾಠ. "ತಾವು ಕಲಿಸಿದ ಹಾಗೆ ಈ ವರ್ಷದಿಂದ ನಮ್ಮ ಗುಡಿಯಲ್ಲೂ ನೂರೇಳು ಗಂಟೆಯನ್ನು ಹಳೆಯ ವರ್ಷದಲ್ಲೇ ಬಾರಿಸಿ, ಒಂದನ್ನು ಮಾತ್ರ ಹೊಸ ವರ್ಷಕ್ಕೆ ಉಳಿಸುತ್ತಿದ್ದೇವೆ." ಅದನ್ನು ಅವಳು ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದ್ದಳು. ಓದಿ, ಕೋಟಿನ ಜೇಬಿಗೆ ಹಾಕಿಕೊಂಡು, ಮೇಲೆ ಹೋಗಿ, ಜಿರಾಫೆಯ ಕೊರಳಲ್ಲಿ ಎಷ್ಟು ಮೂಳೆ ಎನ್ನುವುದಕ್ಕೆ ಎರಡು ಪುಸ್ತಕ ತೆರೆದು ಕೂತಿದ್ದಳು. ಏಳು. ಎರಡು ಪುಸ್ತಕದಲ್ಲೂ ಏಳು. ಎರಡು ಮುದ್ರೆ.

ಟೀವಿಯ ಆ ಕ್ವಿಜ್ ಕಾರ್ಯಕ್ರಮಕ್ಕೆ ಪ್ರಶ್ನೆ ಬರೆಯುವವರು ಬೇರೆ, ಅದನ್ನು ಪರೀಕ್ಷಿಸುವ ಸುಮಿಯೆಯಂಥವರು ಬೇರೆ. ಬರೆದು ಬಂದ ಪ್ರತಿ ಚೀಟಿಗೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆಯಿಂದ ಸಾಕ್ಷಿ ಸಿಗಬೇಕು. ಒಂದು ಪುಸ್ತಕವಾದರೆ ಇನ್ನೊಂದು ಮನುಷ್ಯನ ಬಾಯಿ, ಸಾಧ್ಯವಿದ್ದಷ್ಟೂ ಹಾಗೆ. ಸಾಕ್ಷಿಗೊಂದರಂತೆ ಚೀಟಿಯ ಕೆಳಮೂಲೆಯಲ್ಲಿ ಅವಳ ಹೆಸರಿನ ದುಂಡು ಕೆಂಪು ಮುದ್ರೆ ಬೀಳುತ್ತಿತ್ತು. ಎರಡು ಮುದ್ರೆ ಬಿದ್ದ ಚೀಟಿಯನ್ನು ಆಮೇಲೆ ಯಾರೂ ಪ್ರಶ್ನಿಸುವುದಿಲ್ಲ, ಕಾರ್ಯಕ್ರಮ ನಡೆಸುವವನೂ ಪ್ರಶ್ನಿಸುವುದಿಲ್ಲ, ಸೋತವನೂ ಪ್ರಶ್ನಿಸುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳಿಗೆ ಇದೊಂದು ಪೂಜೆಯಂತೆ ಕಂಡಿತ್ತು. ಯಾವುದೋ ಬಂದರಿನ ಮೀನುಗಾರರ ಸಂಘಕ್ಕೆ ಫೋನು ಮಾಡಿ ಏಡಿ ಯಾವ ಕಡೆಗೆ ನಡೆಯುತ್ತದೆ ಎಂದು ಕೇಳುವುದು, ಅವರು ಫೋನು ಕೆಳಗಿಟ್ಟು ನಿಜವಾಗಿ ಹೋಗಿ ನೋಡಿ ಬರುವುದು, ಈ ಕಡೆ ಅವಳು ಉಸಿರು ಹಿಡಿದು ಅಲೆಯ ಸದ್ದು ಕೇಳುತ್ತ ಕಾಯುವುದು. ಜಗತ್ತಿನಲ್ಲಿ ನಿಜ ಎಂಬುದೊಂದಿದೆ, ಅದನ್ನು ಕೇಳಿದರೆ ಯಾರಾದರೂ ಎದ್ದು ಹೋಗಿ ನೋಡಿ ಹೇಳುತ್ತಾರೆ ಎಂಬ ಭರವಸೆ ಆ ಕಾಯುವಿಕೆಯಲ್ಲಿತ್ತು.

ನಾಲ್ಕು ವರ್ಷದ ಹಿಂದಿನ ಆ ಗುರುವಾರ ಕೊನೆಯ ಸುತ್ತಿನ ಇಪ್ಪತ್ತು ಚೀಟಿಗಳು ಸಂಜೆ ಐದಕ್ಕೆ ಲಕೋಟೆಯೊಳಗೆ ಸೇರಬೇಕಾಗಿತ್ತು. ಹತ್ತೊಂಬತ್ತು ಮುಗಿದಿದ್ದವು. ಇಪ್ಪತ್ತನೆಯದು ವರ್ಷದ ಕೊನೆಯ ರಾತ್ರಿ ಗುಡಿಗಳಲ್ಲಿ ಬಾರಿಸುವ ನೂರೆಂಟು ಗಂಟೆಯದು: ಅದರಲ್ಲಿ ಹೊಸ ವರ್ಷ ಹುಟ್ಟಿದ ಮೇಲೆ ಬಾರಿಸುವುದು ಎಷ್ಟು? ಹಬ್ಬ ಹರಿದಿನಗಳ ಪುಸ್ತಕದಲ್ಲಿ ಒಂದು ಎಂದಿತ್ತು. ಒಂದು ಮುದ್ರೆ ಹಾಕಿದಳು. ಇನ್ನೊಂದಕ್ಕೆ ಕ್ಯೋಟೋದ ಒಂದು ಗುಡಿಗೆ ಫೋನು ಮಾಡಿದರೆ, ಗೊತ್ತಿರುವವರು ಹೊರಗೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇವೆ ಎಂದು ಯಾರೋ ಸಂಖ್ಯೆ ಬರೆದುಕೊಂಡರು. ಐದಕ್ಕೆ ಐದು ನಿಮಿಷ ಇರುವಾಗ ಹತಾನಾಕಾ ಬಂದು ಮೇಜಿನ ಪಕ್ಕ ನಿಂತ. ಬೈದಿದ್ದರೆ ಅವಳು ಬಹುಶಃ ಮುದ್ರೆ ಒತ್ತದೆ ತಡೆಯುತ್ತಿದ್ದಳು. ಅವನು ಗಡಿಯಾರ ನೋಡುತ್ತ ಸುಮ್ಮನೆ ನಿಂತಿದ್ದರಿಂದ, ನಾಳೆ ಕೇಳಿದರಾಯಿತು, ಪುಸ್ತಕದಲ್ಲಂತೂ ಇದೆ, ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡು ಎರಡನೆಯ ಮುದ್ರೆಯನ್ನೂ ಒತ್ತಿಬಿಟ್ಟಳು. ಹನ್ನೊಂದು ವರ್ಷದಲ್ಲಿ ಸಾಕ್ಷಿಗಿಂತ ಮುಂಚೆ ಬಿದ್ದ ಮುದ್ರೆ ಅದೊಂದೇ. ಒತ್ತಿದ ಕೈಗೆ ಏನೂ ಅನ್ನಿಸಲಿಲ್ಲ. ಯಾವಾಗಲೂ ಬೀಳುವ ಹಾಗೆ, ಅಂಚು ಒಡೆಯದೆ, ದುಂಡಗೆ ಬಿತ್ತು.

ಮರುದಿನ ಗುಡಿಯಿಂದಲೇ ಫೋನು ಬಂತು. ಹೆಂಗಸಿನ ದನಿ, ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು. "ನಿನ್ನೆ ನೀವು ಮಾಡಿದ್ರಂತಲ್ಲ. ನಮ್ಮಲ್ಲಿ ಹನ್ನೆರಡು ಹೊಡೆದ ಮೇಲೇ ಗಂಟೆ ಶುರು, ನೂರೆಂಟೂ ಹೊಸ ವರ್ಷದ್ದೇ. ಕೆಳಗಿನ ಗುಡಿಯಲ್ಲಿ ಹನ್ನೊಂದೂ ಮುಕ್ಕಾಲಿಗೇ ಶುರುಮಾಡ್ತಾರೆ. ಇದಕ್ಕೇನು ಕಾನೂನಿದ್ಯಾ ಅಮ್ಮ? ಒಂದೊಂದು ಗುಡಿಗೆ ಒಂದೊಂದು ರೂಢಿ." ಸುಮಿಯೆ ಅದನ್ನು ಒಂದು ತುಂಡು ಕಾಗದದ ಮೇಲೆ ಬರೆದುಕೊಂಡಳು. ದಿನಾಂಕ, ಹೊತ್ತು, ಹೇಳಿದವರು ಯಾರು. ಎದ್ದು ಹತ್ತು ಹೆಜ್ಜೆ ನಡೆದರೆ ಹತಾನಾಕಾನ ಮೇಜು. ಆದರೆ ಈ ಚೀಟಿ ತೆಗೆದುಬಿಡಿ ಎಂದರೆ ಯಾಕೆ ಎಂದು ಕೇಳುತ್ತಾನೆ, ಎರಡನೆಯ ಸಾಕ್ಷಿ ಈಗ ಬಂತು ಎನ್ನಬೇಕಾಗುತ್ತದೆ, ಹಾಗಾದರೆ ನಿನ್ನೆಯ ಮುದ್ರೆ ಯಾರದು ಎಂಬ ಮಾತು ಬರುತ್ತದೆ. ಇಪ್ಪತ್ತು ಚೀಟಿಯಲ್ಲಿ ಕೊನೆಯದು, ಅಲ್ಲಿಯವರೆಗೆ ಆಟ ಬರುವುದೇ ಅಪರೂಪ. ಕಾಗದದ ತುಂಡನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟಳು.

ರೈಲು ಒಂದು ಸುರಂಗಕ್ಕೆ ನುಗ್ಗಿ ಹೊರಬಂತು. ಈ ಕಡೆ ಬಿದ್ದಿದ್ದು ನಿಜವಾದ ಹಿಮ. ಎದುರಿಗೆ ಕೂತಿದ್ದ ಮುದುಕಿಯೊಬ್ಬಳು ಕಿತ್ತಳೆ ಸುಲಿದು ಅರ್ಧ ಅವಳ ಕೈಗಿಟ್ಟಳು. ಸುಮಿಯೆ ಒಂದೊಂದೇ ತೊಳೆ ತಿಂದಳು. ಎಷ್ಟು ತೊಳೆ ಎಂದು ಮನಸ್ಸು ತಾನಾಗಿ ಎಣಿಸಿತು.

ಚಿತ್ರೀಕರಣದ ಕೋಣೆಯಲ್ಲಿ ಕ್ಯಾಮೆರಾಗಳ ಕೆಳಗೆ ಪರೀಕ್ಷಕರ ಮೇಜು. ಆ ಮೇಜಿನ ಮೇಲೆ ಒಂದು ಬಿಳಿ ಗುಂಡಿ. ಸಂಶಯ ಬಂದರೆ ಅದನ್ನು ಒತ್ತಬೇಕು, ಆಗ ಕಾರ್ಯಕ್ರಮ ನಡೆಸುವವನ ಮುಂದೆ ಕೆಂಪು ದೀಪ ಹತ್ತಿ ಎಲ್ಲವೂ ನಿಲ್ಲುತ್ತದೆ. ಆ ಗುರುವಾರಕ್ಕೆ ಹಿಂದಿನ ವಾರವಷ್ಟೇ ಅವಳು ಅದನ್ನು ಒತ್ತಿದ್ದಳು. ಯಾವುದೋ ನದಿಯ ಉದ್ದದ ವಿಷಯ. ನಲವತ್ತು ನಿಮಿಷ ಎಲ್ಲರೂ ದೀಪಗಳ ಕೆಳಗೆ ಬೆವರುತ್ತ ಕೂತರು, ಅವಳು ಒಂದು ಕೈಯಲ್ಲಿ ಪುಸ್ತಕ ಒಂದು ಕೈಯಲ್ಲಿ ಫೋನು ಹಿಡಿದು ಓಡಾಡಿದಳು, ಕೊನೆಗೆ ಚೀಟಿಯೇ ಸರಿ, ಅವಳ ಸಂಶಯವೇ ತಪ್ಪು. ಮರುದಿನ ಊಟದ ಹೊತ್ತಿಗೆ ಅವಳ ಡಬ್ಬಿಯ ಬಿಳಿ ಅನ್ನದ ನಡುವೆ ಎಂದಿನ ಹಾಗೆ ಉಪ್ಪಿನಲ್ಲಿ ಹಾಕಿದ ಕೆಂಪು ಪ್ಲಮ್ ಇತ್ತು. ಅದನ್ನು ಕಂಡು ಹತಾನಾಕಾ, "ನೋಡ್ರಪ್ಪಾ, ಮಿಯಾಜಿಯವರ ದೀಪ ಹತ್ತಿದೆ. ಯಾರೂ ತಿನ್ಬೇಡಿ, ಫೋನು ಮಾಡಿ ಬರ್ತಾರೆ" ಎಂದ. ಇಡೀ ಊಟದ ಕೋಣೆ ನಕ್ಕಿತು. ಅವಳು ಪ್ಲಮ್ಮನ್ನು ಅನ್ನದ ಅಡಿಗೆ ತಳ್ಳಿ ಮುಚ್ಚಿದಳು. ನಲವತ್ತಮೂರು ವರ್ಷದ ಹೆಂಗಸು ಒಂದು ಕಾಯಿಯನ್ನು ಅನ್ನದೊಳಗೆ ಬಚ್ಚಿಡುತ್ತಿದ್ದೇನಲ್ಲ ಎಂದು ಆಗಲೇ ಅನ್ನಿಸಿತ್ತು.

ಆ ಶನಿವಾರ ಕೊನೆಯ ಸುತ್ತಿಗೆ ಇಬ್ಬರು ಉಳಿದಿದ್ದರು. ಒಬ್ಬ ವಿಶ್ವವಿದ್ಯಾಲಯದ ಕ್ವಿಜ್ ಸಂಘದ ಹುಡುಗ, ಪ್ರಶ್ನೆಪುಸ್ತಕಗಳನ್ನು ಅರೆದು ಕುಡಿದವನು. ಇನ್ನೊಬ್ಬರು ಅರಿಕಾವಾ ತೊಕುಜೊ, ಅರವತ್ತೇಳು ವರ್ಷ, ನಿವೃತ್ತ ಅಂಚೆಯವರು. ಸರೋವರದ ಉತ್ತರಕ್ಕಿರುವ ಕಾಮಿಸೆ ಎಂಬ ಊರಿನವರು. ಪತ್ರ ಹಂಚುತ್ತ ಹಂಚುತ್ತ ಮನೆಮನೆಯ ಪತ್ರಿಕೆ ಓದಿ ಇಷ್ಟೆಲ್ಲ ಕಲಿತದ್ದು ಎಂದು ಹೇಳಿ ಎಲ್ಲರನ್ನೂ ನಗಿಸಿದ್ದರು. ಒಂಬತ್ತು ಒಂಬತ್ತು ಸಮವಾಯಿತು. ಹತ್ತೊಂಬತ್ತನೆಯ ಚೀಟಿಗೆ ಇಬ್ಬರೂ ಸುಮ್ಮನಿದ್ದರು. ಇಪ್ಪತ್ತನೆಯದು ಮೇಲೆ ಬಂತು. "ವರ್ಷದ ಕೊನೆಯ ರಾತ್ರಿ ಬಾರಿಸುವ ನೂರೆಂಟು ಗಂಟೆಗಳಲ್ಲಿ, ಹೊಸ ವರ್ಷ ಹುಟ್ಟಿದ ಮೇಲೆ..." ಎನ್ನುವಷ್ಟರಲ್ಲಿ ಮುದುಕರ ಗುಂಡಿ ಸದ್ದಾಯಿತು. ಅವರ ಮುಖ ಅರಳಿದ್ದನ್ನು ಸುಮಿಯೆ ಪರದೆಯ ಮೇಲೆ ಹತ್ತಿರದಿಂದ ನೋಡಿದಳು. ಪರೀಕ್ಷೆಯಲ್ಲಿ ತಮ್ಮ ಊರಿನ ಹೆಸರೇ ಬಂದಾಗ ಮಕ್ಕಳ ಮುಖ ಹೀಗಾಗುತ್ತದೆ. "ನೂರೆಂಟೂ" ಎಂದರು. ಬೇಡವಾಗಿದ್ದರೂ ಸೇರಿಸಿದರು, "ಮೂವತ್ತು ವರ್ಷದಿಂದ ನಾನೇ ಬಾರಿಸ್ತಿರೋದು."

ತಪ್ಪಿನ ಸದ್ದು ಮೊಳಗಿತು. ಅವಳ ಬೆರಳು ಬಿಳಿ ಗುಂಡಿಯ ಮೇಲಿತ್ತು. ಗುಂಡಿ ತಣ್ಣಗಿತ್ತು. ಹತಾನಾಕಾ ಕತ್ತಲಲ್ಲಿ ನಿಂತು ಅವಳ ಬೆರಳನ್ನೇ ನೋಡುತ್ತಿದ್ದ, ಬೇಡ ಎಂದೇನೂ ಸನ್ನೆ ಮಾಡಲಿಲ್ಲ. ಹುಡುಗ "ಒಂದು" ಎಂದ. ಬಣ್ಣದ ಕಾಗದದ ಚೂರುಗಳು ಮೇಲಿನಿಂದ ಸುರಿದವು. ಅವಳು ಬೆರಳು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಕೊನೆಯ ಸುತ್ತಿನಲ್ಲಿ ಸೋತವರಿಗೆ, ಸೋತ ಪ್ರಶ್ನೆಯ ಚೀಟಿಯನ್ನೇ ನೆನಪಿಗೆಂದು ಕೊಡುವುದು ಆ ಕಾರ್ಯಕ್ರಮದ ಪದ್ಧತಿ. ಕೊಡುವವರು ಪರೀಕ್ಷಕರು. ಓಣಿಯಂಥ ಉದ್ದನೆಯ ಕಾರಿಡಾರಿನಲ್ಲಿ, ಕೂದಲಲ್ಲಿ ಇನ್ನೂ ಎರಡು ಬಣ್ಣದ ಚೂರು ಸಿಕ್ಕಿಕೊಂಡಿದ್ದ ಮುದುಕರ ಕೈಗೆ ಅವಳು ಅದನ್ನು ಕೊಟ್ಟಳು. ಅವರು ಕನ್ನಡಕ ಏರಿಸಿ ಕೆಳಮೂಲೆಯನ್ನು ನೋಡಿದರು. "ಈ ಎರಡು ಮುದ್ರೆ?" "ಎರಡು ಕಡೆ ವಿಚಾರಿಸಿದ್ದೀವಿ ಅನ್ನೋದಕ್ಕೆ." ಆ ಮಾತು ಬಾಯಿಂದ ಸಲೀಸಾಗಿ ಬಂದಿತ್ತು, ದಿನಾ ಹೇಳುವ ಮಾತಲ್ಲವೇ. ಮುದುಕರು ನಡು ಬಗ್ಗಿಸಿ ನಮಸ್ಕರಿಸಿದರು. "ಹಾಗಾದ್ರೆ ನಾವೇ ಇಷ್ಟು ವರ್ಷ ತಪ್ಪು ಮಾಡ್ಕೊಂಡು ಬಂದಿದೀವಿ. ಕಲಿಸಿದ್ರಿ, ದೊಡ್ಡ ಉಪಕಾರವಾಯ್ತು." ಅವಳೂ ಬಗ್ಗಿದಳು. ಅವರಿಗಿಂತ ಕೆಳಗೆ ಬಗ್ಗಬೇಕೆಂದು ಬಗ್ಗಿದಳು, ಅವರು ಇನ್ನೂ ಕೆಳಗೆ ಬಗ್ಗಿದರು.

ಕಾಮಿಸೆಯಲ್ಲಿ ಇಳಿದವರು ಮೂವರು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ದಪ್ಪ ಹೆಂಗಸೊಬ್ಬಳು ಇದ್ದಿಲ ಕೆಂಡದ ಮೇಲೆ ಗೆಣಸು ಸುಡುತ್ತಿದ್ದಳು. ಸುಮಿಯೆ ಒಂದು ಗೆಣಸು ಕೊಂಡು, ಅರಿಕಾವಾ ಅವರ ಮನೆ ಯಾವ ಕಡೆ ಎಂದು ಕೇಳಿದಳು.

"ಯಾವ ಅರಿಕಾವಾ? ನೂರೆಂಟಜ್ಜನಾ?" ಹೆಂಗಸು ಇಕ್ಕಳದಿಂದ ಬೆಟ್ಟದ ಕಡೆ ತೋರಿಸಿದಳು. "ಗುಡಿ ಮೆಟ್ಟಿಲ ಕೆಳಗಿನ ಮನೆ. ನೀವು ನೆಂಟ್ರಾ?"

"ಅಲ್ಲ. ಒಸಾಕಾದಿಂದ ಬಂದೆ."

"ಟೀವಿಯಲ್ಲಿ ನೋಡಿದ್ರೇನೋ. ಊರೂರೆಲ್ಲ ನೋಡಿತ್ತು, ಸಭಾಂಗಣದಲ್ಲಿ ದೊಡ್ಡ ಟೀವಿ ತಂದಿಟ್ಟು. ಏನೇನೋ ಕಷ್ಟದ್ದೆಲ್ಲ ಪಟಪಟ ಅಂದ, ಗಂಟೆ ಬಾರಿಸೋನಿಗೆ ಗಂಟೆ ಲೆಕ್ಕ ಗೊತ್ತಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ನಕ್ವಿ." ಅವಳು ಈಗಲೂ ಸ್ವಲ್ಪ ನಕ್ಕಳು. "ಶಾಲೆ ಮಕ್ಕಳು ಈಗ್ಲೂ ಕಂಡಲ್ಲಿ, ಅಜ್ಜಾ ಎಷ್ಟು ಅಂತ ಕೂಗ್ತಾವೆ. ಅವ್ನು ಒಂದು ಅಂತಾನೆ, ಬೆರಳೆತ್ತಿ. ಕೋಪ ಮಾಡ್ಕೊಳ್ಳೋ ಜನ ಅಲ್ಲ. ಇನೆಯಕ್ಕ ಇದ್ಲಲ್ಲ, ಅವನ ಹೆಂಡ್ತಿ, ಅವ್ಳು ಮಾತ್ರ ನಗಲಿಲ್ಲ. ನಾನು ನಕ್ಕಿದ್ದಕ್ಕೆ ಎರಡು ವರ್ಷ ನಮ್ಮಂಗಡಿ ಕಡೆ ಬರಲಿಲ್ಲ ನೋಡಿ. ಎದುರಿಗೇ ಬಸ್ಸು ಹತ್ತೋಳು, ತಿರುಗಿ ನೋಡ್ತಿರಲಿಲ್ಲ."

"ಎಲ್ಲಿಗೆ ಹೋಗ್ತಿದ್ರು ಬಸ್ಸಲ್ಲಿ?"

"ಗುಡಿಗಳಿಗೆ. ವಯಸ್ಸಾದ್ಮೇಲೆ ಇನ್ನೆಲ್ಲಿಗೆ ಹೋಗ್ತಾರೆ? ಗೆಣಸು ಬಿಸಿ ಇರೋವಾಗ್ಲೇ ತಿನ್ನಿ, ಕೈಲಿ ಹಿಡ್ಕೊಂಡೇ ನಿಂತಿದೀರಿ."

ದಾರಿಯ ಎರಡೂ ಬದಿ ಹಿಮವನ್ನು ಗುಡ್ಡೆ ಹಾಕಿದ್ದರು. ಮಧ್ಯದಲ್ಲಿ ಒಬ್ಬರು ನಡೆಯುವಷ್ಟು ಜಾಗ. ಒಂದು ವೇಳೆ ಮುದುಕರಿಗೆ ಏನೂ ಗೊತ್ತಿಲ್ಲದಿದ್ದರೆ, ಊದಿನಕಡ್ಡಿ ಹಚ್ಚಿ, ಎರಡು ಮಾತಾಡಿ ಬಂದುಬಿಡಬಹುದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅವಳು ತಡೆಯಲಿಲ್ಲ; ಇಷ್ಟು ದೂರ ಬಂದರೂ ಹೀಗೆ ಅನ್ನಿಸುತ್ತದಲ್ಲ ಎಂದು ನೋಡುತ್ತ ನಡೆದಳು. ಮೆಟ್ಟಿಲುಗಳ ಮೇಲೆ ಗುಡಿಯ ಗಂಟೆ ಕಾಣಿಸಿತು. ನಾಲ್ಕು ಕಂಬ, ಒಂದು ಮಾಡು, ಮಾಡಿನ ಮೇಲೆ ಹಿಮ, ಕೆಳಗೆ ಹಸಿರುಗಟ್ಟಿದ ಕಂಚು. ಅವಳ ಅಜ್ಜಿ ಇಂಥ ಗಂಟೆ ಕೇಳಿದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ಕೈಜೋಡಿಸುತ್ತಿದ್ದಳು. ಎಣಿಸುತ್ತಿರಲಿಲ್ಲ. ಎಷ್ಟಾಯಿತು ಅಜ್ಜಿ ಎಂದು ಕೇಳಿದರೆ, ಎಣಿಸೋದು ಬಾರಿಸೋರ ಕೆಲಸ ಕಣೇ, ನಮ್ಮದು ಕೇಳೋದು ಎನ್ನುತ್ತಿದ್ದಳು. ಸುಮಿಯೆ ದಾರಿಯಲ್ಲೇ ನಿಂತು, ಸದ್ದು ಮಾಡದ ಆ ಗಂಟೆಗೆ ಕೈಜೋಡಿಸಿದಳು.

ತೊಕುಜೊ ಬಾಗಿಲು ಸರಿಸಿದವರು ಅವಳನ್ನು ಗುರುತಿಸಲಿಲ್ಲ. ಹೆಸರು ಹೇಳಿದ ಮೇಲೆ, "ಓ, ಮುದ್ರೆಯವರು" ಎಂದರು. "ಒಳಗೆ ಬನ್ನಿ, ಒಳಗೆ ಬನ್ನಿ. ಕಾಲು ಬೆಚ್ಚಗೆ ಮಾಡ್ಕೊಳ್ಳಿ." ಅಡಿಯಲ್ಲಿ ಬಿಸಿಯಿಟ್ಟು ದಪ್ಪ ಹೊದಿಕೆ ಹೊದಿಸಿದ ತಗ್ಗು ಮೇಜಿನ ಕೆಳಗೆ ಕಾಲು ಚಾಚಿದಾಗ ಬೆರಳುಗಳು ಜುಮುಗುಟ್ಟಿದವು. ಪಕ್ಕದ ಕೋಣೆಯಲ್ಲಿ ದೇವರ ಗೂಡು ತೆರೆದಿತ್ತು. ಅದರ ಮುಂದೆ ಇನೆಯ ಚಿತ್ರ, ಒಂದು ಬಟ್ಟಲು ಅನ್ನ, ಒಂದು ಕಿತ್ತಳೆ. ಅವಳು ಊದಿನಕಡ್ಡಿ ಹಚ್ಚಿ ಕೈಮುಗಿದು ಬಂದು ಮತ್ತೆ ಕೂತಳು. ಚಿತ್ರದಲ್ಲಿದ್ದ ಹೆಂಗಸು ನಗುತ್ತಿರಲಿಲ್ಲ. ತುಟಿ ಬಿಗಿದು ಕ್ಯಾಮೆರಾದ ಕಡೆ ಏನೋ ಕೇಳುವವಳ ಹಾಗೆ ನೋಡುತ್ತಿದ್ದಳು.

ಮುದುಕರು ಚಹಾ ಬಗ್ಗಿಸಿದರು. ಮೂಲಂಗಿ ಉಪ್ಪಿನಕಾಯಿಯ ತಟ್ಟೆ ಮುಂದಕ್ಕೆ ತಳ್ಳಿದರು. "ಅವಳು ಹಾಕಿದ್ದು. ಇದು ಮುಗಿದ್ರೆ ಮುಗೀತು" ಎಂದರು.

"ಅರಿಕಾವಾ ಅವ್ರೆ," ಅವಳು ಲೋಟ ಕೆಳಗಿಟ್ಟಳು. "ಅವತ್ತು ನಿಮ್ಮ ಉತ್ತರ ತಪ್ಪಿರಲಿಲ್ಲ. ಪ್ರಶ್ನೆನೇ ತಪ್ಪು. ಒಂದೊಂದು ಗುಡಿಗೆ ಒಂದೊಂದು ರೂಢಿ. ಹಾಗೆ ಕೇಳಬಾರದಿತ್ತು."

ಮುದುಕರು ಚಹಾದ ಕೆಟಲಿನ ಮುಚ್ಚಳವನ್ನು ಸರಿಯಾಗಿ ಕೂರಿಸಿದರು. "ಗೊತ್ತು" ಎಂದರು.

ಅವರು ಎದ್ದು, ದೇವರ ಗೂಡಿನ ಕೆಳಗಿನ ಖಾನೆಯಿಂದ ಒಂದು ಪುಸ್ತಕ ತಂದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಬಿಳಿಯ ಬದಿ ಮೇಲಾಗಿ ದಾರದಿಂದ ಹೊಲಿದದ್ದು. "ಆಗಸ್ಟಿಂದ ಗೊತ್ತು. ಬಟ್ಟೆಬರೆ ತೆಗೆಯೋವಾಗ ಸಿಕ್ತು. ನೋಡಿ."

ಪುಟಕ್ಕೊಂದು ಗುಡಿ. ಗುಡಿಯ ಹೆಸರು, ಹೋದ ದಿನ, ಹೇಳಿದವರು ಯಾರು: ಪೂಜೆಯವರು, ಪೂಜೆಯವರ ಹೆಂಡತಿ, ಅಂಗಳ ಗುಡಿಸುತ್ತಿದ್ದವರು. ಗಂಟೆ ಶುರುವಾಗುವ ಹೊತ್ತು. ಎಲ್ಲೆಲ್ಲಿ ಅನುಮಾನವಿತ್ತೋ ಅಲ್ಲಿ ಇನ್ನೊಂದು ದಿನಾಂಕ, ಇನ್ನೊಬ್ಬರ ಹೆಸರು. ಎರಡು ಸಲ ಹೋಗಿದ್ದಾಳೆ. ಸುಮಿಯೆ ತನಗೆ ತಿಳಿಯದೆಯೇ ಕಸುಬಿನ ಕಣ್ಣಿನಿಂದ ಓದುತ್ತಿದ್ದಳು, ಎಲ್ಲಾದರೂ ಬಿರುಕು ಇದೆಯೇ ಎಂದು. ಇರಲಿಲ್ಲ. ನಲವತ್ತಮೂರು ಗುಡಿ. ಕೊನೆಯ ಹಾಳೆಯಲ್ಲಿ ಮೊತ್ತ ಬರೆದಿತ್ತು: ಹನ್ನೆರಡಾದ ಮೇಲೆ ಶುರುಮಾಡುವವರು ಇಪ್ಪತ್ತಾರು; ಮುಂಚೆ ಶುರುಮಾಡಿ ಆಚೆಗೂ ಬಾರಿಸುವವರು ಹದಿನೈದು; ಒಂದನ್ನೇ ಉಳಿಸುವವರು ಎರಡು. ಆ ಎರಡರಲ್ಲಿ ಒಂದರ ಮುಂದೆ "ಹಿಂದಿನಿಂದ ಬಂದದ್ದು" ಎಂದಿತ್ತು. ಇನ್ನೊಂದು ಇದೇ ಊರಿನ ಗುಡಿ. ಅದರ ಮುಂದೆ "ಟೀವಿ ನೋಡಿ" ಎಂದಿತ್ತು.

"ನನಗೆ ಹೇಳ್ತಾನೇ ಇದ್ಲು," ಮುದುಕರು ಹೇಳಿದರು. "ಒಂದು ಫೋನು ಮಾಡಿ ಕೇಳ್ರೀ, ಅವ್ರು ಯಾರನ್ನ ಕೇಳಿದ್ರು ಅಂತ ಕೇಳ್ರೀ ಅಂತ. ನಾನು, ಎರಡು ಮುದ್ರೆ ಇದೆಯಲ್ಲೇ, ನಿನ್ನದೇನು ಅಂತ ಬಾಯಿ ಮುಚ್ಚಿಸ್ತಿದ್ದೆ. ಗುಡಿಯವರಿಗೂ ನಾನೇ ಹೇಳಿ ಬದಲಾಯಿಸಿದ್ದು. ಪಾಪ, ಚಿಕ್ಕ ಪೂಜೆಯವ್ರು ಬೇಡ ಅಂದ್ರು. ನಾನೇ ಚೀಟಿ ತೋರಿಸಿದೆ." ಪುಸ್ತಕದ ಹೊಲಿಗೆ ಸವರುತ್ತ ಮುಂದುವರಿಸಿದರು, "ಮೊದಲಾಗಿದ್ರೆ ಹನ್ನೆರಡಾದ್ಮೇಲೆ ಊರವರು ಸಾಲು ನಿಲ್ತಿದ್ರು. ಇವಳು ಬಿಸಿ ಬಿಸಿ ಸಿಹಿ ಗಂಜಿ ಹಂಚ್ತಿದ್ಲು. ಈಗ ಹನ್ನೆರಡಕ್ಕೆಲ್ಲ ಮುಗಿದು ಮನೆಗೆ ಹೋಗ್ತಾರೆ. ವರ್ಷ ಬರೋ ಹೊತ್ತಿಗೆ ಯಾರೂ ಇರಲ್ಲ ಅಂತ ಅವಳಿಗೆ ಬೇಜಾರು."

"ಪುಸ್ತಕ ಸಿಕ್ಕ ಮೇಲೂ ನೀವು ನಮಗೆ ಬರೀಲಿಲ್ಲ."

"ಬರೆದ್ರೆ ಯಾರದಾದ್ರೂ ಕೆಲಸ ಹೋಗತ್ತೆ. ಅಂಚೆಯಲ್ಲಿ ನಾನೂ ಒಂದೆರಡು ಪತ್ರ ತಪ್ಪಾಗಿ ಹಾಕಿದೀನಿ, ನನಗೆ ಗೊತ್ತಿಲ್ವಾ?" ಅವರು ಚಹಾ ಕುಡಿದರು. ಆಮೇಲೆ, ವಿಶೇಷವಾಗಿ ಏನನ್ನೂ ಕೇಳದ ಹಾಗೆ ಕೇಳಿದರು: "ನಿಮಗೆ ಯಾವಾಗ ಗೊತ್ತಾಯ್ತು?"

ಈಚೆಗೆ ಎನ್ನಬಹುದಾಗಿತ್ತು. ಇತ್ತೀಚೆಗೆ ಇನ್ನೊಂದು ಪುಸ್ತಕ ನೋಡಿದೆ ಎಂದರೆ ಮುಗಿಯುತ್ತಿತ್ತು, ಮುದುಕರು ತಲೆಯಾಡಿಸುತ್ತಿದ್ದರು, ಇಬ್ಬರೂ ಇನ್ನೊಂದು ತುಂಡು ಮೂಲಂಗಿ ತಿನ್ನುತ್ತಿದ್ದರು. ಮಾಡಿನಿಂದ ಹಿಮದ ಒಂದು ರಾಶಿ ಜಾರಿ ಅಂಗಳಕ್ಕೆ ಬಿದ್ದ ಸದ್ದು ಕೇಳಿತು. ಬೆರಳ ತುದಿಯಲ್ಲಿ ಆ ಗುಂಡಿಯ ತಣ್ಣನೆಯ ಸ್ಪರ್ಶ ಇನ್ನೂ ಇತ್ತು.

"ಚಿತ್ರೀಕರಣದ ಹಿಂದಿನ ದಿನ," ಎಂದಳು. "ಎರಡನೇ ಮುದ್ರೆ ಯಾರನ್ನೂ ಕೇಳದೆ ಹಾಕಿದ್ದು. ಹಾಕಿದ ಮರುದಿನ ಗುಡಿಯವರು ಫೋನು ಮಾಡಿ ಹೇಳಿದ್ರು. ಮುದ್ರೆ ಬಿದ್ದಾಗಿತ್ತು ಅಂತ ಸುಮ್ನಿದ್ದೆ. ನೀವು ಉತ್ತರ ಹೇಳಿದಾಗ ನನ್ನ ಬೆರಳು ಗುಂಡಿ ಮೇಲೇ ಇತ್ತು. ಒತ್ತಲಿಲ್ಲ."

ಮುದುಕರ ಮುಖದಲ್ಲಿ ಇಷ್ಟು ಹೊತ್ತು ಇದ್ದ ಮೃದುತನ ಹೋಯಿತು. ಕೋಪವೂ ಬರಲಿಲ್ಲ. ಬಾಗಿಲು ಹಾಕಿದ ಮನೆಯ ಹಾಗೆ ಮುಖ ಬರಿದಾಗಿತ್ತು. ಹೊದಿಕೆಯ ಅಂಚನ್ನು ಎಳೆದು ಮೊಣಕಾಲ ಮೇಲೆ ಹೊದ್ದುಕೊಂಡರು. "ನಲವತ್ತಮೂರು ಗುಡಿ ಸುತ್ತಿದ್ಲು. ಕೊನೆಕೊನೆಗೆ ಕಾಲು ಊದಿರ್ತಿತ್ತು. ಎಲ್ಲಿಗೆ ಹೋಗಿದ್ದೆ ಅಂದ್ರೆ, ದೇವರಿಗೆ ಅಂತಿದ್ಲು" ಎಂದರು.

ಸುಮಿಯೆ ಚಾಪೆಯ ಮೇಲೆ ಎರಡೂ ಕೈಯೂರಿ ಹಣೆ ತಾಗುವಷ್ಟು ಬಗ್ಗಿದಳು. ಈ ಸಲ ಅವರು ಬಗ್ಗಲಿಲ್ಲ. ಅದರಿಂದ ಅವಳಿಗೆ ಒಂದು ಬಗೆಯ ಸಮಾಧಾನವಾಯಿತು.

"ಎದ್ದೇಳಿ," ಅವರು ಹೇಳಿದರು. "ಚಹಾ ಆರತ್ತೆ."

"ಆ ಚೀಟಿ ಇದೆಯಾ?" ಎಂದು ಅವಳು ಕೇಳಿದಳು.

ಚೀಟಿ ಇತ್ತು. ಅದೂ ದೇವರ ಗೂಡಿನ ಖಾನೆಯಲ್ಲೇ, ಅಂಚೆಯವರ ಶಿಸ್ತಿನಿಂದ, ಬಂದ ದಿನಾಂಕ ಬರೆದ ಲಕೋಟೆಯೊಳಗೆ. ನಾಲ್ಕು ವರ್ಷದಲ್ಲಿ ಕಾಗದ ಸ್ವಲ್ಪ ಹಳದಿಯಾಗಿತ್ತು, ಮುದ್ರೆಗಳ ಕೆಂಪು ಮಾತ್ರ ಹಾಗೇ ಇತ್ತು. ಅವಳು ಚೀಲದಿಂದ ಮುದ್ರೆ, ಶಾಯಿಯ ಡಬ್ಬಿ, ಪೆನ್ನು, ಅಳತೆಪಟ್ಟಿ ತೆಗೆದು ಸಾಲಾಗಿ ಇಟ್ಟುಕೊಂಡಳು. ಕಚೇರಿಗಳಲ್ಲಿ ಬರಹ ತಪ್ಪಾದರೆ ಉಜ್ಜಿ ಅಳಿಸುವ ಹಾಗಿಲ್ಲ, ಬಿಳಿ ಬಳಿಯುವ ಹಾಗಿಲ್ಲ; ತಪ್ಪು ಕಾಣುವ ಹಾಗೆಯೇ ಉಳಿಯಬೇಕು, ಅದರ ಮೇಲೆ ಎರಡು ಗೆರೆ, ಗೆರೆಯ ಮೇಲೆ ತಪ್ಪು ಮಾಡಿದವರ ಮುದ್ರೆ. ಸಾವಿರ ಸಲ ಮಾಡಿದ ಕೆಲಸ. 'ಉತ್ತರ: ಒಂದು' ಎಂಬುದರ ಮೇಲೆ ಅಳತೆಪಟ್ಟಿ ಇಟ್ಟು ಎರಡು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: 'ಗುಡಿಗೆ ತಕ್ಕಂತೆ. ನೂರೆಂಟು ಎಂದು ಅರಿಕಾವಾ ಅವರು ಹೇಳಿದ್ದು ಸರಿ.' ಆಮೇಲೆ ಕೆಳಮೂಲೆಯ ಎರಡನೆಯ ಮುದ್ರೆಯ ಮೇಲೂ ಎರಡು ಗೆರೆ ಎಳೆದಳು. ಮೊದಲನೆಯದನ್ನು ಹಾಗೇ ಬಿಟ್ಟಳು. ಪುಸ್ತಕದಲ್ಲಿ ಇದ್ದದ್ದಂತೂ ನಿಜ. ಸಾಕ್ಷಿ ಬರೆಯುವ ಜಾಗದಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಕ್ಯೋಟೋದ ಗುಡಿಯ ಹೆಂಗಸಿನ ಹೆಸರನ್ನು ಅವಳು ಕೇಳಿಕೊಂಡಿದ್ದಳು. ಅದನ್ನು ಬರೆಯಲಿಲ್ಲ. 'ಅರಿಕಾವಾ ಇನೆ, ನಲವತ್ತಮೂರು ಗುಡಿಗಳಲ್ಲಿ ವಿಚಾರಿಸಿದ್ದು' ಎಂದು ಬರೆದಳು. ಮುದ್ರೆಯನ್ನು ಶಾಯಿಗೆ ಎರಡು ಸಲ ತಟ್ಟಿ, ಗೆರೆಗಳ ಮೇಲೆ ಒತ್ತಿದಳು. ಈ ಸಲ ಒಂದರ ಅಂಚು ಒಡೆಯಿತು.

ಮುದುಕರು ಎದುರಿಗೆ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಕೆಲಸ ಹೋಗತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ. ಸೋಮವಾರ ಕಚೇರಿಯಲ್ಲಿ ಹೇಳ್ತೀನಿ. ಗುಡಿಯವರಿಗೂ ಹೀಗೇ ಒಂದು ಬರೆದು ಕೊಡ್ತೀನಿ, ಮುದ್ರೆ ಹಾಕಿ."

"ಅವ್ರು ಒಪ್ತಾರೋ ಇಲ್ವೋ. ಹನ್ನೆರಡಕ್ಕೆ ಮಲಗೋದು ಅಭ್ಯಾಸ ಆಗಿಬಿಟ್ಟಿದೆ." ಸ್ವಲ್ಪ ಯೋಚಿಸಿ, "ನಾನಂತೂ ಈ ಸಲ ಹನ್ನೆರಡರವರೆಗೆ ಹಗ್ಗ ಮುಟ್ಟಲ್ಲ. ಬೇಕಾದ್ರೆ ಬೇರೆಯವ್ರು ಬಾರಿಸ್ಕೊಳ್ಳಲಿ" ಎಂದರು.

ಶಾಯಿ ಆರುವವರೆಗೆ ಇಬ್ಬರೂ ಕಾದರು. ಅವಳು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಕಡೆ ಚಾಚಿದಳು. ಅವರು ಕೈ ಮುಂದಕ್ಕೆ ತಂದವರು, ಅಲ್ಲೇ ನಿಲ್ಲಿಸಿದರು.

"ನನಗೆ ಯಾಕೆ?" ಎಂದರು. "ನಾನು ಎರಡು ಮುದ್ರೆ ನೋಡಿ ನಂಬಿದೋನು. ಕೇಳಿದ್ದು ಅವಳು."

ಅವಳು ಎದ್ದು ಪಕ್ಕದ ಕೋಣೆಗೆ ಹೋದಳು. ಹಚ್ಚಿದ್ದ ಊದಿನಕಡ್ಡಿ ಕೊನೆಗೆ ಬಂದಿತ್ತು. ಮಂಡಿಯೂರಿ ಕೂತು, ಅಕ್ಷರಗಳು ಚಿತ್ರದಲ್ಲಿದ್ದವಳಿಗೆ ನೇರವಾಗಿ ಓದಲು ಸಿಗುವ ಹಾಗೆ ಚೀಟಿಯನ್ನು ತಿರುಗಿಸಿ, ಎರಡೂ ಕೈಯಿಂದ ಅನ್ನದ ಬಟ್ಟಲಿನ ಪಕ್ಕದಲ್ಲಿಟ್ಟಳು.